ಎರಡು ಕಾರ್ಡ್, ಮೂರು ನಿಮಿಷ: ಓದುಗರಿಗೆ ಸಂಪಾದಕರ ಉತ್ತರ

(ಪಾಪ್ ಸಂಗೀತದ ಕುರಿತ ನಮ್ಮ ಲೇಖನಮಾಲೆಯನ್ನು ಆಕ್ಷೇಪಿಸಿ ಶಿವಮೊಗ್ಗದ ಓದುಗರೊಬ್ಬರು ಬರೆದ ಪತ್ರದ ಸಾರ: ‘ಎರಡು ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ತಿರುಗಿಸಿ, ಹೇಳಿದ್ದನ್ನೇ ಹೇಳಿ, ಹತ್ತು ಮಂದಿ ಸೇರಿ ಕಾರ್ಖಾನೆಯಲ್ಲಿ ತಯಾರಿಸುವ ಮೂರು ನಿಮಿಷದ ಸರಕಿದು. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುವವರ ಪಕ್ಕದಲ್ಲಿ ಇದನ್ನು ಕಲೆಯೆಂದು ಕೂರಿಸುವುದೇಕೆ?’)

ಮಾನ್ಯರೇ,

ನಿಮ್ಮ ಆಕ್ಷೇಪಗಳೆಲ್ಲ ಪೂರ್ತಿ ಹೊಂದುವ ಹಾಡೊಂದನ್ನೇ ಎತ್ತಿಕೊಳ್ಳೋಣ: ಅಮೆರಿಕದ ‘ದಿ ಟೆಂಪ್ಟೇಷನ್ಸ್’ ಗಾಯಕರ ತಂಡದ ‘ಮೈ ಗರ್ಲ್’, 1964. ಕಾರ್ಖಾನೆಯ ಮಾತು ಇಲ್ಲಿ ಅಕ್ಷರಶಃ ಸತ್ಯ. ಇದನ್ನು ಹೊರತಂದ ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯನ್ನು ಕಟ್ಟಿದ ಬೆರ್ರಿ ಗಾರ್ಡಿ ಹಿಂದೆ ಕಾರು ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ದುಡಿದವರು. ಆ ಕ್ರಮವನ್ನೇ ಸಂಗೀತಕ್ಕೆ ತಂದರು. ಬರೆಯುವವರು, ನುಡಿಸುವವರು, ಹಾಡುವವರು ಬೇರೆಬೇರೆ. ಬಿಡುಗಡೆಗೆ ಮುಂಚೆ ಹಾಡನ್ನು ಒಪ್ಪುವ, ತಿರಸ್ಕರಿಸುವ ಸಭೆಯೂ ಇತ್ತು.

ಈಗ ಹಾಡು ಕೇಳಿ. ಮೊಬೈಲಿನ ಸ್ಪೀಕರ್‌ನಲ್ಲಿ ಬೇಡ. ಇದರ ಬೇಸ್ ಗಿಟಾರಿನ ಸ್ವರಗಳು ತುಂಬ ತಗ್ಗಿಗೆ ಇಳಿಯುತ್ತವೆ, ಅಷ್ಟು ಪುಟ್ಟ ಸ್ಪೀಕರ್ ಅವನ್ನು ನುಂಗಿಬಿಡುತ್ತದೆ. ಇಯರ್‌ಫೋನ್ ಹಾಕಿಕೊಂಡು ಮೊದಲ ಸಲ ಬೇಸ್ ಒಂದನ್ನೇ ಹಿಂಬಾಲಿಸಿ. ನುಡಿಸಿದವರು ಜೇಮ್ಸ್ ಜೇಮರ್ಸನ್. ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ತಂತಿ ಹಳತಾದರೂ ಬದಲಿಸುತ್ತಿರಲಿಲ್ಲ. ಆ ದಪ್ಪ, ಮಂದ ನಾದಕ್ಕೆ ಅದೂ ಒಂದು ಕಾರಣ. ಹಾಡು ಶುರುವಾಗುವುದೇ ಅವರ ಒಂಟಿ ಬೇಸಿನಿಂದ.

ಅದರ ಮೇಲೆ ರಾಬರ್ಟ್ ವೈಟ್ ಅವರ ಗಿಟಾರ್ ಮೆಟ್ಟಿಲು ಹತ್ತಿದಂತೆ ಏರುತ್ತದೆ: ಸ ರಿ ಗ ಪ ದ ಸ. ಮೋಹನದ ಆರೋಹಣದ ಸ್ವರಗಳು! ಇದು ಮೋಹನ ರಾಗ ಎನ್ನುತ್ತಿಲ್ಲ, ಸ್ವರವನ್ನು ತೂಗಿ ಜಾರಿಸುವ ಗಮಕವೂ ಇಲ್ಲ, ರಾಗ ಸಾಗುವ ಸಂಚಾರವೂ ಇಲ್ಲ. ಆದರೆ ಕಾರ್ಡ್ ಬದಲಾದೊಡನೆ ಅದೇ ಏರಿಕೆ ಮಧ್ಯಮವನ್ನು ಷಡ್ಜ ಮಾಡಿಕೊಂಡು ಮತ್ತೆ ಹೊರಡುತ್ತದೆ. ಸಾಹಿತ್ಯದ ಮೊದಲ ಸಾಲುಗಳೆಲ್ಲ ಈ ಎರಡು ಕಾರ್ಡ್‌ಗಳ ನಡುವೆಯೇ ಓಲಾಡುತ್ತವೆ. ನೀವು ಬಡತನ ಎನ್ನುವುದು ಇದನ್ನೇ. ನಮಗೆ ಇದು ಬೇಕೆಂದೇ ಮಾಡಿದ ಆಯ್ಕೆಯಾಗಿ ಕೇಳಿಸುತ್ತದೆ. ಕಾರ್ಡ್ ಕದಲದಿದ್ದಾಗ ಕಿವಿ ನಾದದ ಬಣ್ಣವನ್ನು ಗಮನಿಸತೊಡಗುತ್ತದೆ. ಚಿಟಿಕೆ, ಡ್ರಮ್ಸ್, ಹಿಮ್ಮೇಳದ ಕಂಠಗಳು, ಹಿತ್ತಾಳೆ ವಾದ್ಯ, ಪಿಟೀಲು ಒಟ್ಟಿಗೇ ನುಗ್ಗುವುದಿಲ್ಲ, ಸರದಿ ಕಾದು ಬರುತ್ತವೆ. ಪಿಟೀಲುಗಳ ಬಿಟ್ ಮುಗಿಯುವಾಗ ಶ್ರುತಿಯೇ ಒಂದು ಪೂರ್ತಿ ಸ್ವರ ಮೇಲೇರುತ್ತದೆ, ಸಿ ಇದ್ದದ್ದು ಡಿ ಆಗುತ್ತದೆ. ನಮ್ಮ ಸಂಗೀತ ಕಚೇರಿಯಲ್ಲಿ ತಂಬೂರಿ ಅಲುಗುವಂತಿಲ್ಲ, ಹಾಗಾಗಿ ಈ ಬಗೆಯ ಸುಖವೇ ಅಲ್ಲಿ ಸಾಧ್ಯವಿಲ್ಲ. ಇಲ್ಲಿ ಅಷ್ಟು ಹೊತ್ತು ಕದಲದೆ ನಿಂತದ್ದರಿಂದಲೇ ಆ ಒಂದು ಏರಿಕೆ ಮೈ ಝುಮ್ಮೆನಿಸುತ್ತದೆ. ಎರಡನೇ ಸಲ ಕೇಳುವಾಗ ಮುಖ್ಯ ಗಾಯಕ ಡೇವಿಡ್ ರಫಿನ್ ಅವರ ದನಿ ಬಿಟ್ಟು ಹಿಂದಿನ ಕಂಠಗಳನ್ನಷ್ಟೇ ಕೇಳಿ. ಅವು ಎಲ್ಲಿ ಸುಮ್ಮನಿರುತ್ತವೆ ಎಂಬುದನ್ನು ಮುಖ್ಯವಾಗಿ.

ಮೂರು ನಿಮಿಷದ ಆಕ್ಷೇಪಕ್ಕೆ ಹೆಚ್ಚು ಹೇಳಬೇಕಿಲ್ಲ. ಹತ್ತು ಅಂಗುಲದ, ನಿಮಿಷಕ್ಕೆ 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದೇ ಸುಮಾರು ಅಷ್ಟು. 1902ರಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಹಾಡಿದ್ದು ಅಂಥ ಅಳತೆಗೆ, ಗಾಯಕ ಅಬ್ದುಲ್ ಕರೀಂ ಖಾನರ ತಟ್ಟೆಗಳೂ ಅಂಥವೇ. ಅವನ್ನು ಯಾರೂ ಸರಕೆಂದು ತಳ್ಳಿಹಾಕಿಲ್ಲ.

ಹತ್ತು ಕೈಗಳ ಬಗ್ಗೆ ನಮ್ಮದೂ ಒಂದು ತಕರಾರಿದೆ, ನಿಮ್ಮದಕ್ಕಿಂತ ಬೇರೆ. ಕೈ ಎಷ್ಟಾದರೂ ಇರಲಿ, ಅವುಗಳ ಹೆಸರು ಮುಚ್ಚಿಟ್ಟದ್ದು ಅನ್ಯಾಯ. ಈ ಹಾಡು ಬರೆದ ಸ್ಮೋಕಿ ರಾಬಿನ್ಸನ್, ರೊನಾಲ್ಡ್ ವೈಟ್ ಹೆಸರು ಎಲ್ಲೆಡೆ ಇದೆ. ನುಡಿಸಿದ ‘ಫಂಕ್ ಬ್ರದರ್ಸ್’ ವಾದಕರ ಹೆಸರು ಮೋಟೌನ್ ಆಲ್ಬಮ್ಮಿನ ಹೊದಿಕೆಯ ಮೇಲೆ ಕಂಡದ್ದು 1971ರಲ್ಲಿ.

ಇಂದಿನ ಹಾಡುಗಳ ಮೇಲಿನ ನಿಮ್ಮ ಸಿಟ್ಟಿನಲ್ಲಿ ಒಂದಂಶ ಪೂರ್ತಿ ಸರಿ. 1997ರಲ್ಲಿ ಬಂದ ಆಟೋಟ್ಯೂನ್‌ನಂಥ ಸಾಫ್ಟ್‌ವೇರ್ ಕಂಠವನ್ನು ಹತ್ತಿರದ ಸ್ವರಕ್ಕೆ ಎಳೆಯುತ್ತದೆ. ಎಳೆಯುವ ವೇಗವನ್ನು ಸೊನ್ನೆ ಮಿಲಿಸೆಕೆಂಡಿಗೆ ಇಟ್ಟು, ಹನ್ನೆರಡೂ ಸ್ವರಗಳನ್ನು ತೆರೆದಿಟ್ಟರೆ ಸ್ವರದಿಂದ ಸ್ವರಕ್ಕೆ ಸರಿಯುವ ಜಾರು ಮೆಟ್ಟಿಲುಮೆಟ್ಟಿಲಾಗಿ ಒಡೆಯುತ್ತದೆ, ಸ್ವರವನ್ನು ತೂಗುವ ಕಂಪಿತ ಎರಡು ಸ್ವರಗಳ ನಡುವಿನ ಟಕಟಕವಾಗುತ್ತದೆ. ಬೇಕೆಂದೇ ಯಂತ್ರದ ದನಿ ಮಾಡುವವರದ್ದು ಬೇರೆ ಮಾತು. ಕನ್ನಡದ ಭಾವಪೂರ್ಣ ಹಾಡಿನಲ್ಲಿ ಇದು ಕೊಲೆ. ತಪ್ಪಿದ ಸ್ವರವನ್ನಷ್ಟೇ ಕೈಯಿಂದ ತಿದ್ದಿ ಗಮಕದ ಭಾಗವನ್ನು ಮುಟ್ಟದೆ ಬಿಡಬಹುದು. ಹೊತ್ತು ಹಿಡಿಯುತ್ತದೆ ಎಂದೇ ಹಾಗೆ ಮಾಡುವುದಿಲ್ಲ. ಪಲ್ಲವಿಯನ್ನು ಒಮ್ಮೆ ಹಾಡಿಸಿ ಮೂರು ಕಡೆ ಅಂಟಿಸುವುದೂ ಹೀಗೆಯೇ: ಚರಣದಲ್ಲಿ ಏನೆಲ್ಲ ನಡೆದರೂ ಹಿಂತಿರುಗಿದ ಪಲ್ಲವಿಗೆ ಅದರ ಸುಳಿವೇ ಇರುವುದಿಲ್ಲ.

ಈ ಲೇಖನಮಾಲೆಯನ್ನು ನಿಲ್ಲಿಸುವುದಿಲ್ಲ. ಆದರೆ ಮುಂದಿನ ಸಂಚಿಕೆಯಿಂದ ಪ್ರತಿ ಹಾಡಿನ ವಿಮರ್ಶೆಯ ಕೆಳಗೆ ವಾದಕರ, ಮಿಕ್ಸಿಂಗ್ ಮಾಡಿದವರ ಹೆಸರುಗಳನ್ನು ಗೊತ್ತಾದಷ್ಟು ಅಚ್ಚು ಹಾಕುತ್ತೇವೆ.

– ಸಂಪಾದಕರು