ಬರ್ಲಿಂಗೇಮ್ ಚೀನಾ ಪರ ಸಹಿ ಹಾಕಿದ್ದು ಹೇಗೆ?

ಅಮೆರಿಕದ ಆನ್ಸನ್ ಬರ್ಲಿಂಗೇಮ್ ಅಮೆರಿಕ ಮತ್ತು ಚೀನಾ ನಡುವಿನ 1868ರ ಒಪ್ಪಂದಕ್ಕೆ ಚೀನಾ ಪರವಾಗಿ ಸಹಿ ಹಾಕಿದ್ದು ಹೇಗೆ ಅಂತ ಕೇಳಿದ್ದೀರಿ. ಅದು ನಿಜ.

ಮ್ಯಾಸಚೂಸೆಟ್ಸ್‌ನಿಂದ ಗೆದ್ದು ಸಂಸತ್ತಿಗೆ ಹೋಗಿದ್ದವರು ಅವರು, ಗುಲಾಮಗಿರಿಯ ಕಡು ವಿರೋಧಿ. 1861ರಲ್ಲಿ ಅಧ್ಯಕ್ಷ ಲಿಂಕನ್, ಬರ್ಲಿಂಗೇಮ್‌ರನ್ನು ಮೊದಲು ಆಸ್ಟ್ರಿಯಾಗೆ ರಾಯಭಾರಿಯಾಗಿ ನೇಮಿಸಿದ್ದರು. ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಹಂಗೇರಿಯ ಸ್ವಾತಂತ್ರ್ಯದ ಪರ ನಿಂತವರು ನಮಗೆ ಬೇಡ ಅಂತ ಆಸ್ಟ್ರಿಯಾ ಒಪ್ಪಲಿಲ್ಲ. ಹಾಗಾಗಿ ಚೀನಾಗೆ ಹೋದರು.

ಅಲ್ಲಿ ದಬಾಯಿಸದೆ, ಸಮಾನವಾಗಿ ಕಂಡು ಮಾತಾಡಿದರು. ಆ ಕಾಲದ ಪಾಶ್ಚಾತ್ಯ ರಾಯಭಾರಿಗಳಲ್ಲಿ ಇದು ಜಾಸ್ತಿ ಕಾಣದ ಗುಣ, ಅಲ್ವಾ? ಅದಕ್ಕೇ 1867ರಲ್ಲಿ ಅವರು ಹುದ್ದೆ ಬಿಟ್ಟು ಹೊರಟಾಗ ಚೀನಾವನ್ನು ಆಳುತ್ತಿದ್ದ ಚಿಂಗ್ ರಾಜವಂಶದ ಸರ್ಕಾರವೇ ಅವರನ್ನು ತನ್ನ ದೂತರನ್ನಾಗಿ ಮಾಡಿಕೊಂಡಿತು. ಜೊತೆಗೆ ಇಬ್ಬರು ಚೀನೀ ಅಧಿಕಾರಿಗಳೂ ಹೊರಟರು. ವಾಷಿಂಗ್ಟನ್‌ನಲ್ಲಿ ಅಮೆರಿಕದ ಕಡೆಯಿಂದ ಸಹಿ ಹಾಕಿದವರು ವಿದೇಶಾಂಗ ಸಚಿವ ಸೆವರ್ಡ್.

ಎರಡೂ ದೇಶದ ಜನ ಮುಕ್ತವಾಗಿ ಹೋಗಿಬರಬಹುದು ಅಂತ ಆ ಒಪ್ಪಂದದಲ್ಲಿತ್ತು. 1882ರಲ್ಲಿ ಅಮೆರಿಕವೇ ಕಾಯ್ದೆ ತಂದು ಚೀನೀ ಕೂಲಿಕಾರರಿಗೆ ಬಾಗಿಲು ಮುಚ್ಚಿತು. ಅದನ್ನು ನೋಡಲು ಬರ್ಲಿಂಗೇಮ್ ಇರಲಿಲ್ಲ. 1870ರಲ್ಲೇ, ಇದೇ ದೌತ್ಯದ ಮೇಲೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದಾಗ ತೀರಿಕೊಂಡರು.