ಸಣ್ಣ ಆಂಪ್ ಟ್ವೀಟರ್ ಸುಡ್ತೈತೇನ್ರಿ?

ಪ್ರಶ್ನೆ: ಗಣಪತಿ ಹಬ್ಬಕ್ಕ ನಮ್ಮ ಓಣ್ಯಾಗ ಚಾನೆಲ್ಲಿಗೆ 100 ವ್ಯಾಟಿನ ಆಂಪ್ ತಂದು 300 ವ್ಯಾಟಿನ ಎರಡು ಬಾಕ್ಸ್ ಹಚ್ಚಿದ್ವಿ. ವಿಸರ್ಜನೆ ದಿನ ಎರಡೂ ಟ್ವೀಟರ್ (ಟ್ರೆಬಲ್ಲಿನ ಸಣ್ಣ ಸ್ಪೀಕರ್) ಹೋದ್ವು, ಬೇಸಿನ ವೂಫರ್ ಗಟ್ಟಿ ಅದಾವು. ಆಂಪ್ ಸಣ್ಣದಾತು, ಕ್ಲಿಪ್ ಆಗಿ ಡಿಸಿ ಹರದು ಸುಟ್ಟಾವು ಅಂತಾನ ರಿಪೇರಿಯವ. ದೊಡ್ಡ ಆಂಪ್ ತಗೊಂಡ್ರ ಮುಗೀತೇನ್ರಿ?
— ಓದುಗ, ಗದಗ

ಉತ್ತರ: ಅವರ ಮಾತು ಅರ್ಧ ಖರೆ. ಡಿಸಿ, ಅಂದ್ರ ಒಂದ ದಿಕ್ಕಿಗೆ ಹರಿಯೋ ಕರೆಂಟ್, ಆ ಕಥಿ ಮೊದ್ಲು ಬಿಡ್ರಿ, ಆಂಪ್ ತನ್ನ ಮಿತಿ ಮುಟ್ಟಿ ಕ್ಲಿಪ್ ಆದಾಗ ಅಲೆಯ ತಲಿ ಸಪಾಟ್ ಆಗ್ತೈತಿ, ಅದನ್ನ ನೋಡಿ ಡಿಸಿ ಅಂತಾರ, ಆದ್ರ ಮ್ಯಾಲೆಷ್ಟು ಸಪಾಟೋ ಕೆಳಗೂ ಅಷ್ಟ, ಮತ್ತ ಟ್ವೀಟರ್ ಮುಂದ ಕ್ರಾಸೋವರಿನ (ಬೇಸ್, ಟ್ರೆಬಲ್ ಬ್ಯಾರೆ ಮಾಡೋ ಸರ್ಕೀಟಿನ) ಕೆಪಾಸಿಟರ್ ಕುಂತಿರ್ತೈತಿ, ಅದು ಡಿಸಿ ದಾಟಗೊಡೂದ ಇಲ್ಲ.

ಟ್ವೀಟರ್ ಸಾಯೂದು ಬಿಸಿಯಿಂದ. 100 ವ್ಯಾಟ್ ಅಂದ್ರ ಸ್ವಚ್ಛ ಸೈನ್ ಅಲೆಯ ಲೆಕ್ಕ, ಅಲೆ ಪೂರ್ತಿ ಚೌಕ ಆಗೂತನ ನಾಬ್ ತಿರುವಿದ್ರ ಅದ ಆಂಪ್ 200ರ ತನ ಕೊಡಬಹುದು. ವೂಫರಿಗೆ ಅದೇನು ಲೆಕ್ಕಾನ? ಆದ್ರ ಬಾಕ್ಸಿನ ಬೆನ್ನಿಗೆ ಬರದ 300 ಇಡೀ ಬಾಕ್ಸಿಂದು, ಹಾಡಿನ್ಯಾಗ ಟ್ರೆಬಲ್ ಸ್ವಲ್ಪ ಇರ್ತೈತಿ ಅಂತ ಹಿಡದ ಲೆಕ್ಕ ಅದು, ಕೂದಲಿನಂಥಾ ಕಾಯಿಲಿನ ಟ್ವೀಟರ್ ಒಂದ ಅಷ್ಟು ತಡಿಯೂದಿಲ್ಲ. ನೀವು ವಾಲ್ಯೂಮ್ ಏರಿಸಿದಂಗ ಬೇಸ್ ಸೂರಿಗೆ ತಲಿ ತಾಗಿ ನಿಂತಿತು, ಟ್ರೆಬಲ್ಲಿಗೆ ಇನ್ನೂ ಜಾಗ ಇತ್ತು, ಅದು ಏರಕೋತ ಹೋತು. ಕ್ಲಿಪ್ಪಿಂಗಿನಿಂದ ಹುಟ್ಟೋ ಹಾರ್ಮೋನಿಕ್ (ಮೂಲ ಸ್ವರದ ಮ್ಯಾಲಿನ ಪಟ್ಟು ಸ್ವರ) ಟ್ವೀಟರ್ ಸುಡ್ತಾವು ಅಂತಾನೂ ಭಾಳ ಮಂದಿ ಹೇಳ್ತಾರ, ಅವುಗಳ ಪಾಲೂ ಐತಿ ಖರೆ, ಆದ್ರ ಪಕ್ಕಾ ಚೌಕ ಅಲೆಯೊಳಗೂ 81 ಪರ್ಸೆಂಟ್ ಶಕ್ತಿ ಮೂಲ ಸ್ವರದಾಗ ಇರ್ತೈತಿ.

ಅಂದ್ರ ತಪ್ಪು ಆಂಪಿಂದಲ್ಲ, ನಾಬ್ ಮ್ಯಾಲಿನ ಕೈದು. ಧಾರವಾಡದಾಗ ನಮ್ಮ ಮನ್ಯಾಗ 20 ವ್ಯಾಟಿನ ಆಂಪಿಗೆ 150 ವ್ಯಾಟಿನ ಬಾಕ್ಸ್ ಹಚ್ಚೇನಿ, ಮುಂಜಾನೆ ಚಾ ಕುಡಕೋತ ಮನ್ಸೂರರನ್ನ ಕೇಳ್ತೇನಿ, ಟ್ವೀಟರ್ ತಣ್ಣಗ ಐತಿ. ದೊಡ್ಡ ಆಂಪ್ ತಂದ್ರಿ ಅಂದ್ರ ಅಷ್ಟ ಸೌಂಡಿಗೆ ಕ್ಲಿಪ್ ಆಗೂದಿಲ್ಲ, ಆ ಲಾಭ ಐತಿ, ಆದ್ರ ಮೆರವಣಿಗ್ಯಾಗ ಹುಡುಗ್ರು ಅಷ್ಟಕ್ಕ ನಿಲ್ಲಸ್ತಾರೇನ್ರಿ, ಆವಾಗ ವೂಫರೂ ಹೊಕ್ಕಾವು. ಕ್ಲಿಪ್ಪಿನ ಕೆಂಪು ಲೈಟ್ ಯಾವಾಗರ ಮಿಣುಕಿದ್ರ ಅಡ್ಡಿಯಿಲ್ಲ, ಹತ್ತೇ ನಿಂತ್ರ ಮಿಕ್ಸರಿನ್ಯಾಗ ಬೇಸ್ ಇಳಸ್ರಿ. ಸೌಂಡ್ ಸಾಲ್ದಾದ್ರ ಇನ್ನೆರಡು ಬಾಕ್ಸ್, ಅವಕ್ಕ ಬ್ಯಾರೆ ಆಂಪ್.

ಇನ್ನೊಂದು, ಭಾಳ ಬಾಕ್ಸಿನ್ಯಾಗ ಕ್ರಾಸೋವರ್ ಬೋರ್ಡಿನ ಮ್ಯಾಲ ಟ್ವೀಟರ್ ಲೈನಿಗೆ ಸಣ್ಣ ಬಲ್ಬ್ ಹಾಕಿರ್ತಾರ, ಲೋಡ್ ಜಾಸ್ತಿ ಆದಾಗ ಅದು ಹತ್ತಿ ಬಿಸಿ ತಾನ ತಗೋತೈತಿ. ಟ್ವೀಟರಿಗೆ ಹೊಸ ಡಯಾಫ್ರಾಮ್ (ದನಿ ಹೊಂಡಸೋ ತೆಳು ಪರದೆ) ಹಾಕಸೂಮುಂದ ಬಾಕ್ಸ್ ಬಿಚ್ಚಿಸಿ ನೋಡ್ರಿ, ಹಿಂದ ಯಾರರ ಬಲ್ಬ್ ಕಿತ್ತು ವೈರಿನ ತುಂಡು ಬೆಸದು ಬಿಟ್ಟಿರಬಹುದು.