ಕೇರಳದ ಪಂಚಾಯತ್, ಕನ್ನಡದ ವಾರ್ಡು

ಕಾಸರಗೋಡು ಎಂದ ಕೂಡಲೇ ಮೈಸೂರು, ಬೆಂಗಳೂರು ಕಡೆಯವರು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. ಕರ್ನಾಟಕಕ್ಕೆ ಸೇರಲಿಲ್ಲ ಎಂದು ಬೇಜಾರಿಲ್ವಾ? ನಿಮಗೆಲ್ಲ ಮಲಯಾಳ ಬರುತ್ತದಾ? ನೀವು ಹಾಗೆ ಕೇಳಲಿಲ್ಲ. ನಿಮ್ಮೂರಲ್ಲಿ ಪಂಚಾಯತ್ ಹೇಗೆ ನಡೆಯುತ್ತದೆ, ಜನ ಹೇಗಿದ್ದಾರೆ, ಏನು ಸುದ್ದಿ ಎಂದು ಕೇಳಿದಿರಿ. ಖುಷಿಯಾಯಿತು. ಸ್ವಲ್ಪ ಉದ್ದವಾದರೂ ಹೇಳುತ್ತೇನೆ.

ಹಳೇ ಕತೆ ಬೇಗ ಮುಗಿಸುತ್ತೇನೆ. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಅಲ್ಲಿಂದೀಚೆಗೆ ಕೇರಳ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಎಂದಿತು. ಸೇರಲಿಲ್ಲ. 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು. ಇವತ್ತು ಊರಲ್ಲಿ ಓಡಾಡುವವರಲ್ಲಿ ಹೆಚ್ಚಿನವರು ಹುಟ್ಟಿದ್ದೇ ಕೇರಳದಲ್ಲಿ. ವಿಲೀನದ ಮಾತು ಸಮ್ಮೇಳನದ ವೇದಿಕೆಯಲ್ಲಿ ಕೇಳಿಬರುತ್ತದೆ, ಚಾದ ಅಂಗಡಿಯಲ್ಲಿ ಕೇಳಿಬರುವುದು ಕಡಿಮೆ.

ನಮ್ಮದು ಪೆರ್ಲದ ಕಡೆ. ಚೆರ್ಕಳದಿಂದ ಕಲ್ಲಡ್ಕಕ್ಕೆ ಹೋಗುವ ರಸ್ತೆ ಬದಿಯಡ್ಕ, ಪೆರ್ಲ ದಾಟಿ ಅಡ್ಕಸ್ಥಳ ಮುಗಿದ ಮೇಲೆ ಸಾರಡ್ಕದಲ್ಲಿ ಕರ್ನಾಟಕಕ್ಕೆ ಹೊಕ್ಕುತ್ತದೆ. ಊರು ಅಂದರೆ ಅರಳಿಕಟ್ಟೆ, ಅದರ ಸುತ್ತ ಬೀದಿ, ಎರಡು ಸಾಲು ಮನೆ ಎಂದು ನೀವು ನೆನೆಸಿಕೊಂಡಿದ್ದರೆ ಬಂದಾಗ ಗೊಂದಲವಾಗುತ್ತದೆ. ಇಲ್ಲಿ ಮನೆಗಳು ಒತ್ತಾಗಿಲ್ಲ. ಒಂದು ಗುಡ್ಡೆ, ಅದರ ಬುಡದಲ್ಲಿ ಅಡಿಕೆ ತೋಟ, ತೋಟದ ಮೇಲೊಂದು ಮನೆ. ಮುಂದಿನ ಮನೆ ಕಾಣಬೇಕಾದರೆ ಇನ್ನೊಂದು ತಿರುವು ದಾಟಬೇಕು. ಒಂದು ವಾರ್ಡು ಸುತ್ತಿ ಬರುವುದಕ್ಕೆ ಅರ್ಧ ದಿನ ಹೋಗುತ್ತದೆ. ಕೆಲವು ಮನೆಗಳಿಗೆ ಈಗಲೂ ಸುರಂಗದ ನೀರೇ ಗತಿ. ಮುರಕಲ್ಲಿನ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗ ಅದು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಟ್ಯಾಂಕಿಗೋ ಮದಕ ಎನ್ನುವ ಚಿಕ್ಕ ಕೆರೆಗೋ ಬರುತ್ತದೆ.

ಮಾತು? ಹೆಚ್ಚಿನ ಮನೆಗಳಲ್ಲಿ ತುಳು. ಕೆಲವು ಮನೆಗಳಲ್ಲಿ ಕನ್ನಡ, ಕೆಲವು ಕಡೆ ಮಲಯಾಳ, ಬ್ಯಾರಿ, ಮರಾಠಿ, ಕೊಂಕಣಿ. ಅಂಗಡಿಗೆ ಬಂದವರ ಮುಖ ನೋಡಿಯೇ ಅಂಗಡಿಯವರು ಭಾಷೆ ಬದಲಾಯಿಸುತ್ತಾರೆ. ಅದು ಯಾರಿಗೂ ಕಷ್ಟವಲ್ಲ. ಕಷ್ಟ ಇರುವುದು ಬೇರೆ ಕಡೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪಂಚಾಯತ್. ಕರ್ನಾಟಕದಿಂದ ಬಂದ ನಮ್ಮ ನೆಂಟರಿಗೆ ಇಲ್ಲಿಯ ಚುನಾವಣೆ ನೋಡಿ ಆಶ್ಚರ್ಯವಾಗುತ್ತದೆ. ನಿಮ್ಮಲ್ಲಿ ಗ್ರಾಮ ಪಂಚಾಯತ್‌ಗೆ ಪಕ್ಷದ ಚಿಹ್ನೆ ಇಲ್ಲ. ಇಲ್ಲಿ ವಾರ್ಡು ಮಟ್ಟದಲ್ಲೇ ತಾವರೆ, ಕೈ, ಕತ್ತಿ ಸುತ್ತಿಗೆ, ಏಣಿ ಎಲ್ಲ ಬಂದು ನಿಲ್ಲುತ್ತವೆ. ಯಾರ ಮನೆ ಯಾವ ಪಕ್ಷ ಎಂದು ಎಲ್ಲರಿಗೂ ಗೊತ್ತು. 2025ರ ಡಿಸೆಂಬರಿನಲ್ಲಿ ಓಟು ಆಯಿತಲ್ಲ, ಒಬ್ಬೊಬ್ಬರು ಮೂರು ಬಟನ್ ಒತ್ತಿದೆವು. ಗ್ರಾಮಕ್ಕೊಂದು, ಬ್ಲಾಕಿಗೊಂದು, ಜಿಲ್ಲೆಗೊಂದು. ಹೆಸರುಗಳು ಕನ್ನಡದಲ್ಲೂ ಇರುತ್ತವೆ. ಅದಕ್ಕೆ ಮೊದಲು ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿ ಸಂಖ್ಯೆ ಜಾಸ್ತಿ ಮಾಡಿದ್ದರು. ಹಾಗಾಗಿ ಅಕ್ಕಪಕ್ಕದ ಮನೆಯವರು ಬೇರೆ ಬೇರೆ ವಾರ್ಡಿಗೆ ಬಿದ್ದು, ಇಷ್ಟು ವರ್ಷ ನಮ್ಮ ಮೆಂಬರ್ ಆಗಿದ್ದವರು ಈಗ ಅವರ ಮೆಂಬರ್ ಆದದ್ದೂ ಉಂಟು. ಅರ್ಧದಷ್ಟು ಸೀಟು ಹೆಂಗಸರಿಗೆ. ಮೊದಮೊದಲು ಗಂಡನೇ ಮೆಂಬರ್ ಎನ್ನುವ ಹಾಗೆ ಓಡಾಡುತ್ತಿದ್ದ. ಈಗ ಹಾಗಿಲ್ಲ. ರಾತ್ರಿ ಎಂಟು ಗಂಟೆಗೆ ಫೋನು ಮಾಡಿದರೂ ಮೆಂಬರೇ ಎತ್ತುತ್ತಾರೆ. ಬೀದಿ ದೀಪ ಉರಿಯುತ್ತಿಲ್ಲ ಎಂದರೆ ಯಾವ ಕಂಬ ಎಂದು ಅವರೇ ಹೇಳುತ್ತಾರೆ.

ಕೇರಳದಲ್ಲಿ ಇರುವುದು 941 ಗ್ರಾಮ ಪಂಚಾಯತ್. ಕರ್ನಾಟಕದಲ್ಲಿ ಆರು ಸಾವಿರದ ಹತ್ತಿರ. ಅಂದರೆ ಇಲ್ಲಿಯ ಒಂದೊಂದು ಪಂಚಾಯತ್ ದೊಡ್ಡದು, ಕೈಯಲ್ಲಿ ಕೆಲಸವೂ ಜಾಸ್ತಿ. 1996ರಲ್ಲಿ ಊರಿನವರೇ ಯೋಜನೆ ಹಾಕುವ ಜನಕೀಯ ಯೋಜನೆ ಶುರುವಾದ ಮೇಲೆ ರಾಜ್ಯದ ಯೋಜನೆಯ ಹಣದಲ್ಲಿ ದೊಡ್ಡ ಪಾಲು ಕೆಳಗೆ ಬರತೊಡಗಿತು. ಕೃಷಿ ಭವನ, ಆರೋಗ್ಯ ಕೇಂದ್ರ, ದನದ ಆಸ್ಪತ್ರೆ, ಅಂಗನವಾಡಿ, ಇವೆಲ್ಲ ಪಂಚಾಯತ್‌ನ ಸುಪರ್ದಿ. ಗ್ರಾಮಸಭೆ ಕೂಡ ವಾರ್ಡಿಗೊಂದು. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ವಾರ್ಡಿನ ಓಟುದಾರರಲ್ಲಿ ನೂರಕ್ಕೆ ಹತ್ತು ಜನ ಇರಬೇಕು ಎನ್ನುವುದು ನಿಯಮ. ನಿಜ ಹೇಳಬೇಕೆಂದರೆ, ಫಲಾನುಭವಿಗಳ ಪಟ್ಟಿ ಓದುವ ಸಭೆಗೆ ಶಾಲೆಯ ಹಾಲ್ ತುಂಬುತ್ತದೆ. ಉಳಿದ ಸಭೆಗಳಿಗೆ ಮನೆ ಮನೆಗೆ ಹೇಳಿ ಕಳಿಸಬೇಕು.

ಆ ಸಭೆಯೇ ನೋಡುವಂಥದ್ದು. ಆಡು, ಕೋಳಿ, ಗೊಬ್ಬರದ ಸಬ್ಸಿಡಿ, ಮನೆ ರಿಪೇರಿ, ಮನೆ ಇಲ್ಲದವರಿಗೆ ಕೊಡುವ ಲೈಫ್ ಯೋಜನೆಯ ಮನೆ, ಎಲ್ಲದರ ಮಾತೂ ಅಲ್ಲೇ. ಪಂಚಾಯತಿನವರು ಮಲಯಾಳದಲ್ಲಿ ಓದುತ್ತಾರೆ. ಮೆಂಬರ್ ಅದನ್ನೇ ತುಳುವಿನಲ್ಲಿ ಹೇಳುತ್ತಾರೆ. ಹಿಂದಿನ ಬೆಂಚಿನಿಂದ ಒಬ್ಬರು ಕನ್ನಡದಲ್ಲಿ ತಕರಾರು ತೆಗೆಯುತ್ತಾರೆ. ನಡಾವಳಿ ಪುಸ್ತಕದಲ್ಲಿ ಆ ತಕರಾರು ಮತ್ತೆ ಮಲಯಾಳದಲ್ಲಿ ಕೂರುತ್ತದೆ. ಕೊನೆಗೆ ಸಹಿ ಹಾಕುವಾಗ ನೋಡಿದರೆ ಕನ್ನಡ, ಮಲಯಾಳ, ಇಂಗ್ಲಿಷು ಎಲ್ಲ ಒಂದೇ ಪುಟದಲ್ಲಿ.

ಆದರೆ ಊರು ನಡೆಸುವುದು ಪಂಚಾಯತ್ ಆಫೀಸು ಎನ್ನುವುದಕ್ಕಿಂತ ಕುಟುಂಬಶ್ರೀ ಎಂದರೇ ಸರಿ. 1998ರಲ್ಲಿ ಶುರುವಾದ ಹೆಂಗಸರ ಸಂಘ ಇದು. ಹತ್ತಿಪ್ಪತ್ತು ಮನೆಗೊಂದು ಅಯಲ್ಕೂಟ, ಅಂದರೆ ನೆರೆಹೊರೆಯ ಗುಂಪು. ಅದರ ಮೇಲೆ ವಾರ್ಡಿಗೆ ಎಡಿಎಸ್, ಪಂಚಾಯತ್ ಮಟ್ಟಕ್ಕೆ ಸಿಡಿಎಸ್ ಎನ್ನುವ ಸಮಿತಿಗಳು. ವಾರಕ್ಕೊಮ್ಮೆ ಯಾರದಾದರೂ ಜಗಲಿಯಲ್ಲಿ ಕೂತು ಉಳಿತಾಯದ ಹಣ ಕಟ್ಟುತ್ತಾರೆ, ಸಾಲ ಕೊಡುತ್ತಾರೆ. ನಮ್ಮಲ್ಲಿ ಸುದ್ದಿ ಹರಡುವುದೂ ಅಲ್ಲಿಂದಲೇ. ರೇಷನ್ ಕಾರ್ಡಿಗೆ ಏನು ಹೊಸ ಕಾಗದ ಕೊಡಬೇಕು, ಯಾವ ದಿನ ಮೆಡಿಕಲ್ ಕ್ಯಾಂಪು, ಯಾರ ಮನೆಗೆ ಹೆಣ್ಣು ನೋಡಲು ಬಂದಿದ್ದರು, ಎಲ್ಲ. ಮಂಗಳೂರಿನಿಂದ ಬರುವ ಪೇಪರಿನಲ್ಲಿ ಕಾಸರಗೋಡಿಗೆ ಒಂದು ಪುಟ ಇರುತ್ತದೆ, ಅದನ್ನೂ ಓದುತ್ತೇವೆ. ಆದರೆ ನಮ್ಮ ವಾರ್ಡಿನ ಸುದ್ದಿ ಅದರಲ್ಲಿ ಬರುವ ಹೊತ್ತಿಗೆ ಇಲ್ಲಿ ಹಳತಾಗಿರುತ್ತದೆ.

ಮನೆ ಮನೆಯ ಕಸ ಒಯ್ಯುವ ಹರಿತ ಕರ್ಮ ಸೇನೆಯವರೂ ಹೆಂಗಸರೇ. ಹಸಿರು ಕೋಟು ಹಾಕಿಕೊಂಡು ತೊಳೆದ ಪ್ಲಾಸ್ಟಿಕ್ ತೆಗೆದುಕೊಂಡು ಹೋಗುತ್ತಾರೆ, ತಿಂಗಳಿಗೆ 50 ರೂಪಾಯಿ. ಶುರುವಿಗೆ ಬಹಳ ಗೊಣಗಾಟ ಇತ್ತು. ಕಸ ಕೊಡುವುದಕ್ಕೂ ನಾವೇ ದುಡ್ಡು ಕೊಡಬೇಕಾ ಎಂದು ಕೇಳದವರಿಲ್ಲ. ಈಗಲೂ ಕೆಲವರು ತೋಟದ ಮೂಲೆಯಲ್ಲಿ ಸುಡುತ್ತಾರೆ. ಆದರೂ ಸಾರಡ್ಕ ದಾಟಿ ಆ ಕಡೆಯ ರಸ್ತೆ ಬದಿ ನೋಡಿ, ಈ ಕಡೆಯದ್ದೂ ನೋಡಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಪಿಂಚಣಿ ಇನ್ನೊಂದು. ವೃದ್ಧರ, ವಿಧವೆಯರ ಪಿಂಚಣಿ 1,600 ಇದ್ದದ್ದು 2025ರ ನವೆಂಬರಿನಿಂದ 2,000 ಆಯಿತು. ನಡೆಯಲಾಗದವರಿಗೆ ಸಹಕಾರಿ ಬ್ಯಾಂಕಿನವರು ಮನೆಗೇ ತಂದು ಎಣಿಸಿ ಕೊಡುತ್ತಾರೆ. ಇದನ್ನು ಹೇಳಿದರೆ ಕರ್ನಾಟಕದ ನೆಂಟರು ನಂಬುವುದಿಲ್ಲ. ಕಂತು ಬಾಕಿ ಬಿದ್ದು ತಿಂಗಳುಗಟ್ಟಲೆ ಕಾದದ್ದೂ ಇದೆ, ಅದನ್ನೂ ಹೇಳದಿದ್ದರೆ ಸರಿಯಾಗುವುದಿಲ್ಲ.

ನಮ್ಮ ಕಡೆಯ ಹೆಸರು ನೀವು ಎಂಡೋಸಲ್ಫಾನ್ ಎಂಬ ಕೀಟನಾಶಕದ ಸುದ್ದಿಯಲ್ಲಿ ಕೇಳಿರಬಹುದು. ಪೆರ್ಲ ಹತ್ತಿರದ ಸ್ವರ್ಗ, ಪಡ್ರೆ ಎಂಬ ಊರುಗಳ ಗುಡ್ಡೆಗಳಲ್ಲಿ ಸರ್ಕಾರಿ ಗೇರು ತೋಟ. ಎರಡು ದಶಕಕ್ಕೂ ಜಾಸ್ತಿ ಹೆಲಿಕಾಪ್ಟರಿನಿಂದ ಆ ವಿಷ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದಿತು. ಪತ್ರಕರ್ತರು ಬಂದರು, ಫೋಟೋ ತೆಗೆದರು, ಹೋದರು. ಉಳಿದದ್ದು ಬಡ್ಸ್ ಶಾಲೆ. ಬುದ್ಧಿ ಬೆಳೆಯದ, ನಡೆಯಲಾಗದ ಮಕ್ಕಳಿಗಾಗಿ ಪಂಚಾಯತ್ ನಡೆಸುವ ಶಾಲೆ. ಬೆಳಿಗ್ಗೆ ಮಗುವನ್ನು ಅಲ್ಲಿಗೆ ಕಳಿಸಿದರೆ ಅಮ್ಮ ನಾಲ್ಕು ಗಂಟೆ ಕೂಲಿಗೆ ಹೋಗಬಹುದು. ಪಂಚಾಯತಿನಿಂದ ಏನು ಲಾಭ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ಇನ್ನು ಆ ಕಷ್ಟದ ವಿಷಯ. ಮಾತಾಡುವುದಕ್ಕೆ ಇಲ್ಲಿ ಯಾರಿಗೂ ತೊಂದರೆ ಇಲ್ಲ ಎಂದೆನಲ್ಲ. ತೊಂದರೆ ಇರುವುದು ಕಾಗದದಲ್ಲಿ. ಅರ್ಜಿ ಮಲಯಾಳ, ನೋಟಿಸು ಮಲಯಾಳ, ಆನ್‌ಲೈನ್ ಹೋದರೆ ಮಲಯಾಳ ಇಲ್ಲವೇ ಇಂಗ್ಲಿಷು. ಕಾನೂನಿನಲ್ಲಿ ನಮಗೆ ಹಕ್ಕಿದೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆ ಬಂದಾಗಿನಿಂದ ಇಲ್ಲಿಯ ಕನ್ನಡಿಗರು ಸರ್ಕಾರಿ ಆಫೀಸಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಕೇರಳದ ಲೋಕಸೇವಾ ಆಯೋಗವಾದ ಪಿಎಸ್‌ಸಿ ಕ್ಲರ್ಕ್ ಹುದ್ದೆಯನ್ನೂ ಇಟ್ಟಿದೆ. ಆದರೆ ಕೌಂಟರಿನಲ್ಲಿ ಕೂತವರು ತೆಂಕಣ ಜಿಲ್ಲೆಯವರಾಗಿದ್ದು, ಬಂದ ದಿನದಿಂದಲೇ ವರ್ಗಾವಣೆಯ ದಾರಿ ನೋಡುತ್ತಿದ್ದರೆ? ಕನ್ನಡದ ಅರ್ಜಿ ಮೇಜಿನ ಮೇಲೆ ಸುಮ್ನೆ ಕೂರುತ್ತದೆ. ಕೊನೆಗೆ ನಾವೇ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಮಲಯಾಳದಲ್ಲಿ ಬರೆಸುತ್ತೇವೆ. ಜಾಗದ ವಿಷಯವಾದರೆ ಇನ್ನೂ ತಲೆನೋವು. ಅಜ್ಜನ ಕಾಲದ ಪತ್ರ ಕನ್ನಡದಲ್ಲಿ, ಈಗಿನ ದಾಖಲೆ ಮಲಯಾಳದಲ್ಲಿ, ಒಂದೇ ಜಾಗಕ್ಕೆ ಎರಡು ಬಗೆಯ ಹೆಸರು.

ನಮ್ಮ ಮನೆಗೇ ಒಮ್ಮೆ ಒಂದು ಆಫೀಸಿನಿಂದ ನೋಟಿಸು ಬಂತು. ಓದಿದ್ದು ಪಕ್ಕದ ಮನೆಯ ಬ್ಯಾರಿ ಹುಡುಗ. "ಮಾಮ, ಹೆದರಬೇಡಿ, ತೆರಿಗೆ ಬಾಕಿ ಅಷ್ಟೇ" ಎಂದ. ನಾವು ಬಾಕಿ ಕಟ್ಟಿ ಬಂದೆವು. ಅವನು ಆವತ್ತು ಊರಲ್ಲಿ ಇಲ್ಲದಿದ್ದರೆ ನೋಟಿಸು ಕ್ಯಾಲೆಂಡರಿನ ಹಿಂದೆ ಸಿಕ್ಕಿಕೊಂಡೇ ಇರುತ್ತಿತ್ತು.

ಹೊಸ ತಲೆಮಾರಿಗೆ ಈ ಕಷ್ಟ ಇಲ್ಲ. 2017ರಲ್ಲಿ ಕೇರಳ ಎಲ್ಲ ಶಾಲೆಗಳಲ್ಲೂ ಮಲಯಾಳ ಕಡ್ಡಾಯ ಎಂದಾಗ ಇಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಭಾಷೆ ಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಆಗ ಘೋಷಣೆ ಕೂಗಿದವರಲ್ಲೂ ಎಷ್ಟೋ ಜನರ ಮಕ್ಕಳು ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುತ್ತಿದ್ದರು, ಇದನ್ನು ನಾವು ನಮ್ಮೊಳಗೆ ಮಾತ್ರ ಹೇಳಿಕೊಳ್ಳುತ್ತೇವೆ. ಈಗ ಒಂದೇ ಮನೆಯಲ್ಲಿ ಅಜ್ಜನಿಗೆ ಕನ್ನಡ ಮಾತ್ರ ಓದಲು ಬರುತ್ತದೆ, ಮೊಮ್ಮಗನಿಗೆ ಮಲಯಾಳ, ಇಂಗ್ಲಿಷು ಮಾತ್ರ. ಇಬ್ಬರೂ ಮಾತಾಡುವುದು ತುಳು. ಪಂಚಾಯತ್ ಕಾಗದವನ್ನು ಮೊಮ್ಮಗ ಓದಿ ಹೇಳುತ್ತಾನೆ. ಯಕ್ಷಗಾನದ ನೋಟಿಸನ್ನು ಅಜ್ಜ ಓದಿ ಹೇಳಬೇಕು.

ಹಾಗಂತ ಕರ್ನಾಟಕ ನಮಗೆ ದೂರವೂ ಅಲ್ಲ. ಅಡಿಕೆ ಮಾರುವುದು ವಿಟ್ಲ, ಪುತ್ತೂರಿನಲ್ಲಿ. ಬೆಳೆಗಾರರ ಕ್ಯಾಂಪ್ಕೊ ಸಂಸ್ಥೆ 1973ರಲ್ಲಿ ಹುಟ್ಟಿದ್ದೇ ಎರಡೂ ರಾಜ್ಯದವರನ್ನು ಸೇರಿಸಿಕೊಂಡು. ಆ ಕಡೆ ಹೋದವರು ಪೆಟ್ರೋಲ್ ತುಂಬಿಸದೆ ವಾಪಸು ಬರುವುದಿಲ್ಲ, ಅಲ್ಲಿ ಲೀಟರಿಗೆ ಕಡಿಮೆ. ಕಾಯಿಲೆ ಜೋರಾದರೆ ಮಂಗಳೂರು. ಹಾಗಾಗಿಯೇ 2020ರ ಮಾರ್ಚಿನ ನೆನಪು ಕಹಿ. ಕೊರೊನಾ ಬಂತೆಂದು ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಜಿಲ್ಲೆಯಲ್ಲಿ ಆಂಬುಲೆನ್ಸು ದಾಟಲಾಗದೆ ಕೆಲವರು ಜೀವ ಬಿಟ್ಟರು. ಕೇರಳ ಹೈಕೋರ್ಟು, ಆಮೇಲೆ ಸುಪ್ರೀಂ ಕೋರ್ಟಿನವರೆಗೂ ವಿಷಯ ಹೋಯಿತು. ಆ ದಿನಗಳಲ್ಲಿ ಮನೆಗೆ ಊಟ, ಔಷಧಿ ತಲುಪಿಸಿದ್ದು ವಾರ್ಡಿನ ಹುಡುಗರು ಮತ್ತು ಕುಟುಂಬಶ್ರೀ ಅಡುಗೆಮನೆ. ಉಕ್ಕಿನಡ್ಕದಲ್ಲಿ ಮುಗಿಯದೆ ನಿಂತಿದ್ದ ಮೆಡಿಕಲ್ ಕಾಲೇಜಿನ ಕಟ್ಟಡ ಆ ಏಪ್ರಿಲಿನಲ್ಲಿ ಗಡಿಬಿಡಿಯಲ್ಲಿ ಕೊರೊನಾ ಆಸ್ಪತ್ರೆಯಾಯಿತು. ಕನ್ನಡದ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ, ಆದರೆ ಯಾರು ನಮ್ಮವರು ಎಂಬ ಲೆಕ್ಕ ಊರಲ್ಲಿ ಸ್ವಲ್ಪ ಬದಲಾಯಿತು.

ಕರ್ನಾಟಕದವರು ಏನು ಮಾಡಬಹುದು ಎಂದೂ ಕೇಳಿದಿರಿ. ನವೆಂಬರಿನಲ್ಲಿ ಬಂದು ಶಾಲು ಹೊದೆಸಿ, ಭಾಷಣ ಮಾಡಿ ಹೋಗುವವರು ಬೇಕಾದಷ್ಟು ಇದ್ದಾರೆ. ಊಟ ಹಾಕಿ ಕಳಿಸುತ್ತೇವೆ, ಬೇಸರವಿಲ್ಲ. ನಮಗೆ ಬೇಕಾದ್ದು ಚಿಕ್ಕದು. ಪಂಚಾಯತ್, ವಿಲೇಜ್ ಆಫೀಸಿನ ಅರ್ಜಿಗಳೆಲ್ಲ ಕನ್ನಡದಲ್ಲಿ ಅಚ್ಚಾಗಿ ಕೌಂಟರಿನಲ್ಲಿ ಸಿಗಬೇಕು. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳಿಗೆ ಪಿಎಸ್‌ಸಿ ಪರೀಕ್ಷೆಗೆ ಇಲ್ಲೇ, ಕನ್ನಡದಲ್ಲೇ ಒಳ್ಳೆಯ ತರಬೇತಿ ಸಿಗಬೇಕು. ಆ ಕನ್ನಡ ಬಲ್ಲ ಹುದ್ದೆಗಳಿಗೆ ನಮ್ಮವರೇ ಬಂದರೆ ಕೌಂಟರಿನ ಅರ್ಧ ತಾಪತ್ರಯ ತಾನಾಗಿ ಮುಗಿಯುತ್ತದೆ. ಗಡಿನಾಡಿನ ಹೆಸರಲ್ಲಿ ಹಣ ಇಡುವವರು ಒಂದು ವರ್ಷದ ಸಮ್ಮೇಳನದ ಖರ್ಚನ್ನು ಇದಕ್ಕೆ ಹಾಕಿ ನೋಡಲಿ. ಪಂಚಾಯತಿನವರೂ ಬೇಡ ಎನ್ನಲಾರರು, ಅವರಿಗೂ ಕೆಲಸ ಹಗುರವಾಗುತ್ತದಲ್ವಾ.